ಪರದೇಶದ ಸಂಬಳವೂ ಕಾಲ್ಚೆಂಡಾಟಗಾರನೂ

ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟು ಹೊರಡುವುದು ನಮ್ಮ ಕೋಲಾರ ಸೀಮೆಯವರಿಗೆ ಹೊಸ ಮಾತಲ್ಲ. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರು ಇಲ್ಲಿಯ ಚಿನ್ನದ ಗಣಿಗಳನ್ನು ವಹಿಸಿಕೊಂಡ ಮೇಲೆ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಸಮುದ್ರವನ್ನು ದಾಟಿ ಬಂದು ನಮ್ಮ ನೆಲದ ಆಳಕ್ಕೆ ಇಳಿದರು. ಆರ್ಕಾಟು, ಚಿತ್ತೂರು ಕಡೆಗಳಿಂದ ಕೂಲಿಕಾರರ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬಂದು ಗಣಿಯ ಸಾಲುಮನೆಗಳಲ್ಲಿ ನೆಲಸಿದುವು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದ ಬಳಿಕ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಮುಂಜಾನೆಯ ರೈಲನ್ನು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿಗೆ ಮರಳುವವರಾದರು. ಸಂಬಳವಿದ್ದ ಕಡೆಗೆ ಮನುಷ್ಯನು ನಡೆಯುತ್ತಾನೆ; ಇದರಲ್ಲಿ ಯಾರೂ ತಪ್ಪೆಣಿಸುವುದಿಲ್ಲ.

ಆದರೆ ಕಾಲ್ಚೆಂಡಾಟಗಾರನೊಬ್ಬನು ಹೆಚ್ಚಿನ ಹಣಕ್ಕಾಗಿ ದೇಶ ಬಿಟ್ಟು ದೇಶಕ್ಕೆ ಹೋದನೆಂದರೆ, “ನೋಡಿದಿರಾ, ಎಂಥ ದುರಾಶೆ!” ಎಂದು ಜನರು ಆಡಿಕೊಳ್ಳುತ್ತಾರೆ. ಆಟವು ವಿನೋದಕ್ಕಾಗಿ ಇರತಕ್ಕದ್ದು, ಅದಕ್ಕೆ ಬೆಲೆ ಕಟ್ಟಬಾರದು, ಎಂಬ ಹಳೆಯ ಭಾವನೆಯೇ ಈ ಮಾತಿಗೆ ಮೂಲ. ಇಂತಹ ಪಯಣದ ಹಿಂದೆ ಯಾವ ಲೆಕ್ಕಾಚಾರವಿದೆ, ಅದರಲ್ಲಿ ಸಂಬಳದ ಪಾಲೆಷ್ಟು, ಸರ್ಕಾರದ ತೆರಿಗೆಯ ಪಾಲೆಷ್ಟು, ಇದರಿಂದ ಲಾಭವಾರಿಗೆ ನಷ್ಟವಾರಿಗೆ, ಎಂಬುದನ್ನು ಗೃಹಸ್ಥರಾದ ನಮ್ಮ ವಾಚಕರು ತಿಳಿದಿರುವುದು ಯುಕ್ತ. ಏಕೆಂದರೆ ಈಗ ನಮ್ಮ ಮನೆಯ ಹುಡುಗರೂ ಹುಡುಗಿಯರೂ ಈ ಆಟವನ್ನು ಜೀವನೋಪಾಯವಾಗಿ ಎಣಿಸತೊಡಗಿದ್ದಾರೆ.

ಮೊದಲು ನಮ್ಮ ನಾಡಿನ ವಿಷಯವನ್ನೇ ನೋಡೋಣ. ೧೯೩೭ ಮತ್ತು ೧೯೩೮ರಲ್ಲಿ ಬೆಂಗಳೂರಿನ ‘ಬೆಂಗಳೂರು ಮುಸ್ಲಿಮ್ಸ್’ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಬಿಳಿಯರ ಪಟಾಲಮುಗಳ ಸ್ವತ್ತಾಗಿದ್ದ ಆ ಕಪ್ಪು ಭಾರತೀಯರ ಕೈಸೇರಿದ್ದು ಅದೇ ಮೊದಲು. ಆ ದಿನಗಳಲ್ಲಿಯೇ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಕಣ್ಣು ಬೆಂಗಳೂರಿನ ಮೇಲೆ ಬಿದ್ದಿತು. ೧೯೩೪ರಿಂದ ೧೯೩೮ರವರೆಗೆ ಎಡೆಬಿಡದೆ ಐದು ವರ್ಷ ಕಲ್ಕತ್ತಾ ಲೀಗನ್ನು ಗೆದ್ದ ಮಹಮ್ಮದನ್ ಸ್ಪೋರ್ಟಿಂಗ್ ತಂಡದಲ್ಲಿ ಬೆಂಗಳೂರಿನಿಂದ ಹೋದ ಆಟಗಾರರೂ ಇದ್ದರು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ಸಂಸ್ಥಾನದ ಆಟಗಾರರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ೧೯೪೯ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ, ಅಲ್ಲಿಯ ಜನ ‘ಪಂಚಪಾಂಡವರು’ ಎಂದು ಕೊಂಡಾಡಿದ ಐವರು ಮುನ್ನಡೆಯ ಆಟಗಾರರಲ್ಲಿ ಒಬ್ಬರಾದರು. ಧನರಾಜರೂ ವೆಂಕಟೇಶರೂ ಆ ಐವರಲ್ಲಿ ಸೇರಿದ್ದರು. ೧೯೪೯, ೧೯೫೦, ೧೯೫೧, ಈ ಮೂರು ವರ್ಷಗಳಲ್ಲಿಯೂ ಆ ಕ್ಲಬ್ಬು ಐ.ಎಫ್.ಎ. ಶೀಲ್ಡನ್ನು ಗೆದ್ದಿತು.

ಆಗ ಆಟಗಾರರೆಲ್ಲರೂ ಹೆಸರಿಗೆ ಹವ್ಯಾಸಿಗಳು. ಆಟಕ್ಕೆಂದು ಸಂಬಳ ಕೊಡುವ ಪದ್ಧತಿಯಿರಲಿಲ್ಲ. ಅದಕ್ಕೆ ಬದಲಾಗಿ ರೈಲ್ವೆಯಲ್ಲಿಯೋ ಬಂದರಿನ ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಒಂದು ನೌಕರಿ ದೊರಕುತ್ತಿತ್ತು. ಬೆಂಗಳೂರಿನಲ್ಲಿಯೂ ವಿಮಾನ ಕಾರ್ಖಾನೆ, ಟೆಲಿಫೋನ್ ಕಾರ್ಖಾನೆಗಳಂಥ ಸಂಸ್ಥೆಗಳು ಆಟಗಾರರಿಗೆ ಕೆಲಸ ಕೊಟ್ಟು ತಮ್ಮ ತಮ್ಮ ತಂಡಗಳನ್ನು ಕಟ್ಟಿದುವು. ಕಾಲುಗಳ ಶಕ್ತಿ ಕುಂದಿದ ಮೇಲೂ ತಿಂಗಳ ಸಂಬಳ, ಕೊನೆಗೆ ಪಿಂಚಣಿ: ಇದೇ ಅಂದಿನ ಆಟಗಾರನ ನಿಜವಾದ ಬಹುಮಾನ. ಅಂದಮೇಲೆ ಹಣವನ್ನು ಯೋಚಿಸಿ ಊರು ಬದಲಾಯಿಸುವುದು ಇಂದಿನ ದುರಭ್ಯಾಸವೆಂಬ ಮಾತಿಗೆ ಆಧಾರವಿಲ್ಲ. ಹಣದ ರೂಪ ಮಾತ್ರ ಬದಲಾಗಿದೆ.

ಇಂಗ್ಲೆಂಡಿನಲ್ಲಿ ಆಟಗಾರರಿಗೆ ಬಹಿರಂಗವಾಗಿಯೇ ಸಂಬಳವಿತ್ತು. ಆದರೆ ಅದಕ್ಕೊಂದು ಮೇರೆಯೂ ಇತ್ತು. ೧೯೦೧ರಲ್ಲಿ ವಾರಕ್ಕೆ ೪ ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಅಲ್ಲಿಯ ಆಡಳಿತಗಾರರು ಕಟ್ಟುಮಾಡಿದರು. ಮೇರೆ ಕ್ರಮೇಣ ಏರಿ ೧೯೫೮ರಲ್ಲಿ ೨೦ ಪೌಂಡಾಯಿತು. ಅರ್ಧ ಲಕ್ಷ ಜನ ಹಣ ತೆತ್ತು ನೋಡುವ ಆಟದಲ್ಲಿ ಆಡುವವನಿಗೆ ದಕ್ಕುವುದು ಇಷ್ಟೇ ಎಂದಾಗ ಕೆಲವರು ಹೊರಗಿನ ದಾರಿಯನ್ನು ಹುಡುಕಿದರು. ೧೯೫೦ರಲ್ಲಿ ನೀಲ್ ಫ್ರಾಂಕ್ಲಿನ್ ಎಂಬ ಹೆಸರಾಂತ ಆಟಗಾರನು ದಕ್ಷಿಣ ಅಮೆರಿಕೆಯ ಕೊಲಂಬಿಯಾ ದೇಶಕ್ಕೆ ಹೋದನು. ಅಲ್ಲಿ ಬಹುಕಾಲ ನಿಲ್ಲಲಾಗದೆ ಹಿಂದಿರುಗಿದಾಗ ಅವನಿಗೆ ಆಟದಿಂದ ಬಹಿಷ್ಕಾರದ ಶಿಕ್ಷೆ ಕಾದಿತ್ತು. ೧೯೫೭ರಲ್ಲಿ ವೇಲ್ಸಿನ ಜಾನ್ ಚಾರ್ಲ್ಸನು ಇಟಲಿಯ ಯುವೆಂಟಸ್ ತಂಡವನ್ನು ಸೇರಿದನು. ಅವನಿಗಾಗಿ ಯುವೆಂಟಸ್ ತೆತ್ತದ್ದು ೬೫,೦೦೦ ಪೌಂಡು. ೧೯೬೧ರ ಜನವರಿಯಲ್ಲಿ ಇಂಗ್ಲೆಂಡಿನ ಕಟ್ಟು ಮುರಿಯಿತು, ಅದೇ ವರ್ಷ ಜಾನಿ ಹೇನ್ಸನು ವಾರಕ್ಕೆ ೧೦೦ ಪೌಂಡು ಪಡೆಯುವ ಮೊದಲ ಇಂಗ್ಲಿಷ್ ಆಟಗಾರನೆನಿಸಿದನು.

ಇನ್ನು ತೆರಿಗೆಯ ವಿಚಾರ. ಹೋಳೂರಿನ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಅವನು ಟೊಮೆಟೊ ಹಣ್ಣನ್ನು ಪೆಟ್ಟಿಗೆಗಳಲ್ಲಿ ತುಂಬಿ ಕೋಲಾರದ ಮಾರುಕಟ್ಟೆಗೆ ಹೇರಿಕೊಂಡು ಹೋಗುತ್ತಾನೆ. ಹರಾಜಿನಲ್ಲಿ ಕೂಗಿದ ಬೆಲೆಯೇ ಅವನ ಬೆಲೆಯಲ್ಲ. ಗಾಡಿಯ ಬಾಡಿಗೆ, ಮಂಡಿಯ ಕಮೀಷನ್ನು, ಹಮಾಲಿ, ಇವೆಲ್ಲವೂ ಕಳೆದು ಸೊಂಟದ ಚೀಲಕ್ಕೆ ಬಂದು ಬಿದ್ದದ್ದು ಅವನ ಬೆಲೆ. ಶ್ರೀನಿವಾಸಪುರದ ಮಾವಿನ ತೋಟದವನ ಲೆಕ್ಕವೂ ಅಷ್ಟೆ. ದೂರದ ಪೇಟೆಯಲ್ಲಿ ಬೆಲೆ ಹೆಚ್ಚೆಂದು ಕೇಳಿದಾಗ, ಅಲ್ಲಿ ಕಳೆಯುವುದೆಷ್ಟು ಎಂದು ಅವನು ಮೊದಲು ವಿಚಾರಿಸುತ್ತಾನೆ. ಕಾಲ್ಚೆಂಡಾಟಗಾರನಿಗೆ ಈ ಕಳೆಯುವ ಬಾಬುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವರಮಾನದ ಮೇಲಿನ ತೆರಿಗೆ.

ಒಂದು ಸುಲಭವಾದ ಲೆಕ್ಕವನ್ನು ಹಾಕೋಣ. ಆಟಗಾರನು, “ನನ್ನ ಕೈಗೆ ನೂರು ರೂಪಾಯಿ ಬರಬೇಕು, ತೆರಿಗೆಯ ಗೊಡವೆ ನಿಮ್ಮದು” ಎಂದು ಕರಾರು ಮಾಡುತ್ತಾನೆಂದಿಟ್ಟುಕೊಳ್ಳಿ. ಯೂರೋಪಿನ ಹಲವು ದೇಶಗಳಲ್ಲಿ ದೊಡ್ಡ ಆಟಗಾರರು ಹೀಗೆಯೇ ಮಾತನಾಡುತ್ತಾರೆ. ತೆರಿಗೆ ನೂರಕ್ಕೆ ೪೫ ಆದರೆ ಕ್ಲಬ್ಬು ಸುಮಾರು ೧೮೨ ರೂಪಾಯಿ ತೆರಬೇಕು. ನೂರಕ್ಕೆ ೨೪ ಆದರೆ ಸುಮಾರು ೧೩೨ ರೂಪಾಯಿ ಸಾಕು. ತೆರಿಗೆಯೇ ಇಲ್ಲದ ದೇಶದಲ್ಲಿ ನೂರಕ್ಕೆ ನೂರೇ. ಅಂದರೆ ಮೊದಲನೆಯ ಕ್ಲಬ್ಬಿಗೆ ಒಬ್ಬ ಆಟಗಾರನಿಗಾಗಿ ತಗಲುವ ವೆಚ್ಚದಲ್ಲಿ ಮೂರನೆಯದು ಹೆಚ್ಚುಕಡಮೆ ಇಬ್ಬರನ್ನು ತರಬಲ್ಲದು. ಎರಡು ಕ್ಲಬ್ಬುಗಳು ಸಮಾನ ಸಿರಿವಂತಿಕೆಯುಳ್ಳವಾದರೂ ಅವುಗಳ ಬಲ ಸಮಾನವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಸೂಕ್ಷ್ಮವನ್ನು ಸ್ಪೇನಿನ ಸರ್ಕಾರ ಚೆನ್ನಾಗಿ ಬಲ್ಲದಾಗಿತ್ತು. ಅದು ೨೦೦೫ರಲ್ಲಿ ಒಂದು ಶಾಸನವನ್ನು ಹೊರಡಿಸಿತು. ಹಿಂದಿನ ಹತ್ತು ವರ್ಷ ಸ್ಪೇನಿನ ತೆರಿಗೆಗೆ ಒಳಪಡದಿದ್ದ ಪರದೇಶಿಯನೊಬ್ಬನು ಕೆಲಸಕ್ಕಾಗಿ ಅಲ್ಲಿಗೆ ಬಂದರೆ, ಅವನು ಆರು ವರ್ಷಗಳವರೆಗೆ ನೂರಕ್ಕೆ ೨೪ರಂತೆ ಒಂದೇ ದರದಲ್ಲಿ ತೆರಿಗೆ ಕೊಟ್ಟರೆ ಸಾಕು; ಅಷ್ಟೇ ಸಂಪಾದನೆಯ ಸ್ಪೇನಿನವನು ತೆರಬೇಕಾದ ಮೇಲ್ದರವಾದರೋ ನೂರಕ್ಕೆ ೪೩ರಷ್ಟಿತ್ತು. ೨೦೦೩ರಲ್ಲಿ ಮ್ಯಾಡ್ರಿಡ್ಡಿಗೆ ಬಂದ ಇಂಗ್ಲೆಂಡಿನ ಡೇವಿಡ್ ಬೆಕ್ಹಾಮನು ಇದರ ಪ್ರಯೋಜನ ಪಡೆದವರಲ್ಲಿ ಪ್ರಸಿದ್ಧನಾದ್ದರಿಂದ ಜನರು ಅದನ್ನು ‘ಬೆಕ್ಹಾಮ್ ಕಾಯಿದೆ’ ಎಂದೇ ಕರೆದರು. ೨೦೧೦ರಲ್ಲಿ ವರ್ಷಕ್ಕೆ ೬ ಲಕ್ಷ ಯೂರೋ ಮೀರಿದ ವರಮಾನಕ್ಕೆ ಈ ಸೌಲಭ್ಯ ನಿಂತಿತು. ೨೦೧೫ರಿಂದ ಆಟಗಾರರನ್ನೇ ಅದರಿಂದ ಹೊರಗಿಟ್ಟರು.

ಸ್ಪೇನು ಬಿಟ್ಟ ದಾರಿಯನ್ನು ಇಟಲಿ ಹಿಡಿಯಿತು. ೨೦೧೯ರ ಅಲ್ಲಿಯ ಶಾಸನವು ಹೊರಗಿನಿಂದ ಬಂದ ಆಟಗಾರನ ಸಂಬಳದಲ್ಲಿ ಅರ್ಧ ಭಾಗಕ್ಕೆ ಮಾತ್ರ ತೆರಿಗೆ ಹಾಕಿತು. ೨೦೨೩ರ ಕೊನೆಗೆ ಆ ರಿಯಾಯಿತಿಯೂ ಮುಗಿಯಿತು. ಫ್ರಾನ್ಸು ಇದಕ್ಕೆ ವಿರುದ್ಧವಾಗಿ ನಡೆದು, ೨೦೧೩ ಮತ್ತು ೨೦೧೪ರ ಸಂಬಳಗಳಲ್ಲಿ ೧೦ ಲಕ್ಷ ಯೂರೋ ಮೀರಿದ ಭಾಗದ ಮೇಲೆ ನೂರಕ್ಕೆ ೭೫ರವರೆಗೆ ತೆರಿಗೆಯನ್ನು ಸಂಬಳ ಕೊಡುವವರ ಮೇಲೆಯೇ ಹೊರಿಸಿತು. ಕ್ಲಬ್ಬುಗಳು ಮುಷ್ಕರದ ಬೆದರಿಕೆಯನ್ನೂ ಹಾಕಿದುವು. ಅದೇ ಫ್ರಾನ್ಸಿನ ಲೀಗಿನಲ್ಲಿ ಆಡುವ ಮೊನಾಕೊ ಎಂಬ ಪುಟ್ಟ ಸಂಸ್ಥಾನದ ತಂಡದಲ್ಲಿ ಮಾತ್ರ, ಫ್ರಾನ್ಸಿನವರಲ್ಲದ ಆಟಗಾರರಿಗೆ ವರಮಾನ ತೆರಿಗೆಯೇ ಇರಲಿಲ್ಲ. ಒಂದೇ ಅಂಗಳ, ಒಂದೇ ಚೆಂಡು, ಎರಡು ಲೆಕ್ಕ! ಉಳಿದ ಕ್ಲಬ್ಬುಗಳು ಇದನ್ನು ಅನ್ಯಾಯವೆಂದು ಕೂಗಿಕೊಂಡದ್ದು ಸಹಜವೇ ಸರಿ.

ತೆರಿಗೆಯು ಆಟಗಾರರನ್ನು ನಿಜವಾಗಿಯೂ ಕದಲಿಸುತ್ತದೆಯೇ, ಅಥವಾ ಇದು ಕೇವಲ ಪತ್ರಿಕೆಗಳ ಹರಟೆಯೇ? ಕ್ಲೆವೆನ್, ಲಾಂಡೆ, ಸೇಝ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ೧೪ ಐರೋಪ್ಯ ದೇಶಗಳ ಆಟಗಾರರ ಚಲನವಲನವನ್ನು ೧೯೮೫ರಿಂದ ಹಿಡಿದು ಪರಿಶೀಲಿಸಿ, ೨೦೧೩ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ೧೯೯೫ಕ್ಕೆ ಮೊದಲು ಪ್ರತಿ ತಂಡದಲ್ಲಿಯೂ ಪರದೇಶಿಯರ ಸಂಖ್ಯೆಗೆ ಮಿತಿಯಿತ್ತು. ಕರಾರು ಮುಗಿದ ಆಟಗಾರನನ್ನೂ ಕ್ಲಬ್ಬು ಹಿಡಿದಿಡಬಹುದಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ, ಬೆಲ್ಜಿಯಂ ದೇಶದ ಬಾಸ್ಮನ್ ಎಂಬ ಆಟಗಾರನು ಹೂಡಿದ್ದ ವ್ಯಾಜ್ಯದಲ್ಲಿ ಯೂರೋಪಿನ ನ್ಯಾಯಾಲಯವು ಆ ಎರಡು ಬೇಲಿಗಳನ್ನೂ ಕಿತ್ತಿತು. ಬೇಲಿ ಹೋದ ಮೇಲೆ ತೆರಿಗೆಯ ಪ್ರಭಾವ ಎದ್ದು ಕಾಣತೊಡಗಿತು. ಪರದೇಶಿ ಆಟಗಾರನ ಕೈಗುಳಿಯುವ ಪಾಲು ನೂರಕ್ಕೆ ಒಂದರಷ್ಟು ಹೆಚ್ಚಿದರೆ, ಬರುವ ಪರದೇಶಿಯರ ಸಂಖ್ಯೆಯೂ ಹೆಚ್ಚುಕಡಮೆ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆಂದು ಅವರು ಕಂಡುಕೊಂಡರು. ಸ್ವದೇಶದ ಆಟಗಾರರಾದರೋ ತೆರಿಗೆಗಾಗಿ ಅಷ್ಟು ಸುಲಭವಾಗಿ ಮನೆ ಬಿಡುವುದಿಲ್ಲ. ಅವರ ವಿಷಯದಲ್ಲಿ ಈ ಪ್ರಮಾಣವು ಅದರ ಆರರಲ್ಲಿ ಒಂದು ಭಾಗದಷ್ಟು ಮಾತ್ರ. ಹೆಂಡಿರು ಮಕ್ಕಳು, ಭಾಷೆ, ಊಟ, ಬಂಧುಬಳಗ, ಇವಕ್ಕೂ ಒಂದು ಬೆಲೆಯಿದೆಯೆಂಬುದಕ್ಕೆ ಇದು ಸಾಕ್ಷಿ.

ಆ ಸಂಶೋಧನೆಯಲ್ಲಿ ಗೃಹಸ್ಥರು ಮುಖ್ಯವಾಗಿ ಗಮನಿಸಬೇಕಾದ ಮತ್ತೊಂದು ಮಾತುಂಟು. ಆಡುವವರು ಹನ್ನೊಂದೇ ಮಂದಿ. ಕಡಮೆ ತೆರಿಗೆಯ ಆಶೆಗೆ ಬಂದ ಪರದೇಶದ ತಾರೆಯೊಬ್ಬನು ಒಳಹೊಕ್ಕರೆ ಇನ್ನೊಬ್ಬನು ಹೊರಬೀಳಲೇಬೇಕು. ಹಾಗೆ ಹೊರಬೀಳುವವನು ಬಹುಮಟ್ಟಿಗೆ ಎರಡನೆಯ ದರ್ಜೆಯ ಆಟಗಾರ, ಅನೇಕ ವೇಳೆ ಸ್ವದೇಶದವನೇ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹೀಗೆ ಸರ್ಕಾರದ ಶಾಸನದಿಂದಲೇ ನಿಜವಾಗುತ್ತದೆ. ಅಲ್ಲದೆ ಕೋಟ್ಯಧೀಶನಾದ ಆಟಗಾರನು ನೂರಕ್ಕೆ ೨೪ ಕೊಟ್ಟು ಪಾರಾಗುವ ದೇಶದಲ್ಲಿ, ಅಲ್ಲಿಯೇ ಹುಟ್ಟಿ ಬೆಳೆದ ವೈದ್ಯನೋ ಇಂಜಿನಿಯರನೋ ಅದಕ್ಕಿಂತ ಹೆಚ್ಚಿನ ದರದಲ್ಲಿ ತೆರುತ್ತಿದ್ದರೆ, ಅವನು ಮೌನವಾಗಿರುವುದು ಕಷ್ಟ. ಸ್ಪೇನು, ಇಟಲಿಗಳು ತಾವು ಕೊಟ್ಟ ರಿಯಾಯಿತಿಯನ್ನು ತಾವೇ ಹಿಂತೆಗೆದುಕೊಂಡುವು ಎಂಬುದನ್ನು ಇಲ್ಲಿ ನೆನೆಯಬೇಕು.

ತೆರಿಗೆಯನ್ನು ತಪ್ಪಿಸಲು ಅಡ್ಡದಾರಿ ಹಿಡಿದವರ ಕಥೆಯೂ ಬೋಧಪ್ರದವಾಗಿದೆ. ಹೆಸರಾಂತ ಆಟಗಾರನಿಗೆ ಸಂಬಳವಲ್ಲದೆ ತನ್ನ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಕೊಡುವುದರಿಂದ ಬರುವ ಹಣವೂ ಇರುತ್ತದೆ. ಅದನ್ನು ಹೊರದೇಶದ ಕಂಪೆನಿಗಳ ಹೆಸರಿನಲ್ಲಿ ಇಟ್ಟು ೪೧ ಲಕ್ಷ ಯೂರೋ ತೆರಿಗೆಯನ್ನು ತಪ್ಪಿಸಿದ ಪ್ರಕರಣದಲ್ಲಿ ಲಯೊನೆಲ್ ಮೆಸ್ಸಿಗೆ ೨೦೧೬ರಲ್ಲಿ ಸ್ಪೇನಿನ ನ್ಯಾಯಾಲಯವು ೨೧ ತಿಂಗಳ ಶಿಕ್ಷೆ ವಿಧಿಸಿತು. ೨೦೧೯ರಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಸಹ ಇಂಥದೇ ಆರೋಪವನ್ನು ಒಪ್ಪಿ ೧ ಕೋಟಿ ೮೮ ಲಕ್ಷ ಯೂರೋ ತೆತ್ತನು. ಇಬ್ಬರೂ ಸೆರೆಮನೆಗೆ ಹೋಗಬೇಕಾಗಲಿಲ್ಲವಾದರೂ ಹೆಸರಿಗೆ ತಗುಲಿದ ಮಸಿ ಹಾಗೆಯೇ ಉಳಿಯಿತು.

ಇದೇ ರೊನಾಲ್ಡೊ ೨೦೨೨ರ ಡಿಸೆಂಬರ್ ಕೊನೆಯಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದ ಅಲ್ ನಸ್ರ್ ಕ್ಲಬ್ಬಿನೊಡನೆ ಕರಾರು ಮಾಡಿಕೊಂಡನು. ಆ ದೇಶದಲ್ಲಿ ಸಂಬಳದ ಮೇಲೆ ವರಮಾನ ತೆರಿಗೆಯಿಲ್ಲ. ೨೦೨೩ರ ಜೂನಿನಲ್ಲಿ ಅಲ್ಲಿಯ ರಾಜ್ಯದ ಬೊಕ್ಕಸದ ನಿಧಿಯೇ ನಾಲ್ಕು ದೊಡ್ಡ ಕ್ಲಬ್ಬುಗಳಲ್ಲಿ ನೂರಕ್ಕೆ ೭೫ರಷ್ಟು ಪಾಲನ್ನು ವಹಿಸಿಕೊಂಡಿತು; ಬೆಂಝೆಮಾ, ಕಾಂಟೆ ಮೊದಲಾದವರು ಆ ವರ್ಷವೇ ಅಲ್ಲಿಗೆ ಹೋದರು. ಒಂದು ಕಡೆ ಬೊಕ್ಕಸದ ಸಂಬಳ, ಇನ್ನೊಂದು ಕಡೆ ತೆರಿಗೆಯ ಅಭಾವ, ಎರಡೂ ಕೂಡಿದಲ್ಲಿ ಯೂರೋಪಿನ ಕ್ಲಬ್ಬುಗಳು ಪೈಪೋಟಿ ಮಾಡುವುದು ದುಸ್ತರ.

ಕನ್ನಡಿಗರಿಗೆ ರಿಯಾದ್ ಇನ್ನೊಂದು ಕಾರಣದಿಂದಲೂ ಸ್ಮರಣೀಯ. ೨೦೨೩ರ ಮಾರ್ಚ್ ೪ರಂದು ಅದೇ ನಗರದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು ೩–೨ ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ನಾವು ಅದನ್ನು ಕೊನೆಯದಾಗಿ ಗೆದ್ದದ್ದು ೧೯೬೮–೬೯ರಲ್ಲಿ. ನಡುವೆ ೫೪ ವರ್ಷಗಳು ಸಂದಿದ್ದುವು. ಜಗತ್ತಿನಲ್ಲಿಯೇ ಅತ್ಯಂತ ದುಬಾರಿಯಾದ ಆಟಗಾರನು ನೆಲಸಿದ್ದ ನಗರದಲ್ಲಿ, ಅವನು ಅಲ್ಲಿಗೆ ಬಂದು ಎರಡು ತಿಂಗಳಿಗೆಲ್ಲ, ನಮ್ಮ ಹುಡುಗರು ರಾಜ್ಯದ ಗೌರವಕ್ಕಾಗಿ ಆಡಿ ಗೆದ್ದರು. ಆಟದ ಎರಡು ಮುಖಗಳೂ ಒಂದೇ ಊರಿನಲ್ಲಿ ಕಾಣಿಸಿಕೊಂಡಂತಾಯಿತು.

ಹಾಗಾದರೆ ನಮ್ಮ ದೇಶದ ಆಟಗಾರರು ಹೊರಗೆ ಹೋಗುವುದೇಕೆ ಇಷ್ಟು ವಿರಳ? ಇಲ್ಲಿ ತೆರಿಗೆಗಿಂತ ಬಾಗಿಲೇ ದೊಡ್ಡದು. ೨೦೦೯ರಲ್ಲಿ ಸುನೀಲ್ ಛೇತ್ರಿಯವರನ್ನು ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬು ಕರೆಯಿತು. ಆದರೆ ಭಾರತವು ಜಗತ್ತಿನ ತಂಡಗಳ ಪಟ್ಟಿಯಲ್ಲಿ ಮೊದಲ ೭೦ರೊಳಗೆ ಇಲ್ಲವೆಂಬ ಕಾರಣದಿಂದ ಬ್ರಿಟಿಷ್ ಸರ್ಕಾರವು ಕೆಲಸದ ಪರವಾನಗಿಯನ್ನು ಕೊಡಲಿಲ್ಲ. ಅವರು ೨೦೧೦ರಲ್ಲಿ ಅಮೆರಿಕೆಯ ಕಾನ್ಸಾಸ್ ಸಿಟಿಗೂ ೨೦೧೨ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿಗೂ ಹೋಗಿ ಬಂದು, ೨೦೧೩ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡವನ್ನು ಸೇರಿದರು. ಗುರುಪ್ರೀತ್ ಸಿಂಗ್ ಸಂಧು ೨೦೧೪ರಲ್ಲಿ ನಾರ್ವೆಯ ಸ್ಟಾಬೆಕ್ ತಂಡಕ್ಕೆ ಹೋಗಿ, ೨೦೧೭ರಲ್ಲಿ ಅವರೂ ಬೆಂಗಳೂರಿಗೆ ಮರಳಿದರು. ೨೦೧೪ರಲ್ಲಿ ಇಂಡಿಯನ್ ಸೂಪರ್ ಲೀಗು ಆರಂಭವಾದ ಮೇಲೆ ಮೇಲ್ದರ್ಜೆಯ ಆಟಗಾರನಿಗೆ ಸ್ವದೇಶದಲ್ಲಿಯೇ ಒಳ್ಳೆಯ ಸಂಬಳ ದೊರೆಯತೊಡಗಿತು. ಯೂರೋಪಿನ ಸಣ್ಣ ಲೀಗಿಗೆ ಹೋದರೆ ಕಲಿಕೆ ಹೆಚ್ಚು. ಹಣ ಕಡಮೆಯಾದರೂ ಆಗಬಹುದು, ಬಾಡಿಗೆಯೂ ಊಟವೂ ತುಟ್ಟಿ. ಹೋಗಬೇಕೆಂಬ ಹಂಬಲವಿದ್ದವನೂ ಎರಡು ಬಾರಿ ಯೋಚಿಸುವುದು ಇದರಿಂದಲೇ.

ಮತ್ತೊಂದು ಸಂಗತಿಯನ್ನು ಮರೆಯಬಾರದು. ಗುಮಾಸ್ತನು ೬೦ ವರ್ಷದವರೆಗೆ ದುಡಿಯಬಲ್ಲನು. ೩೫ ದಾಟಿದ ಮೇಲೂ ಮೇಲ್ದರ್ಜೆಯಲ್ಲಿ ಆಡುವ ಕಾಲ್ಚೆಂಡಾಟಗಾರರು ವಿರಳ. ಮೊಣಕಾಲಿಗೆ ಬಿದ್ದ ಒಂದೇ ಪೆಟ್ಟು ೨೫ರಲ್ಲಿಯೇ ಆಟವನ್ನು ಮುಗಿಸಬಹುದು. ಇಡೀ ಬಾಳಿನ ಸಂಪಾದನೆಯನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಕೂಡಿಡಬೇಕಾದವನು ಗಾಳಿ ಬಂದಾಗ ತೂರಿಕೊಂಡರೆ ಅದನ್ನು ದುರಾಶೆಯೆನ್ನುವುದು ನ್ಯಾಯವಲ್ಲ. ವರ್ಷವರ್ಷಕ್ಕೆ ಲೆಕ್ಕ ಹಾಕುವ ತೆರಿಗೆಯ ಪದ್ಧತಿಯು ಆ ಕೆಲವೇ ವರ್ಷಗಳ ಸಂಪಾದನೆಗೆ ಅತಿ ಹೆಚ್ಚಿನ ದರವನ್ನು ಹಚ್ಚುತ್ತದೆ. ಉಳಿದ ಬರಿಗೈಯ ವರ್ಷಗಳನ್ನು ಅದು ಎಣಿಸುವುದಿಲ್ಲ.

ಮಕ್ಕಳಿಗೆ ಇಂತಹ ಕರೆ ಬಂದ ಮನೆಯವರು ಕರಾರಿಗೆ ರುಜು ಹಾಕಿಸುವ ಮೊದಲು ಕೆಲವು ವಿಷಯಗಳನ್ನು ಕೇಳಿ ತಿಳಿಯಬೇಕು. ಹೇಳಿದ ಸಂಬಳವು ತೆರಿಗೆ ಕಳೆಯುವ ಮುಂಚಿನದೋ ಕಳೆದ ಬಳಿಕದ್ದೋ? ಮಧ್ಯವರ್ತಿಯ ಪಾಲನ್ನು ಯಾರು ಕೊಡುತ್ತಾರೆ? ಪೆಟ್ಟು ಬಿದ್ದು ಮಲಗಿದ ಕಾಲದಲ್ಲಿ ಸಂಬಳ ನಡೆಯುವುದೋ ಇಲ್ಲವೋ? ಯಾವ ದೇಶದ ಸರ್ಕಾರಕ್ಕೆ ತೆರಿಗೆ ಸಲ್ಲಬೇಕು? ಸಾಮಾನ್ಯವಾಗಿ ಆಡಿದ ದೇಶಕ್ಕೇ ಆಟದ ಹಣದ ಮೇಲೆ ತೆರಿಗೆಯ ಹಕ್ಕು ಮೊದಲು. ಭಾರತದ ಶಾಸನದಲ್ಲಿ ವರ್ಷಕ್ಕೆ ೧೮೨ ದಿನಗಳ ವಾಸವು ಒಂದು ಮುಖ್ಯವಾದ ಗಡಿ; ಅದರ ಈಚೆಯೋ ಆಚೆಯೋ ಎಂಬುದರ ಮೇಲೆ ಹೊರಗಿನ ಸಂಪಾದನೆಗೆ ಇಲ್ಲಿ ತೆರಿಗೆಯುಂಟೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಲ್ಲುತ್ತದೆ. ಎರಡು ದೇಶಗಳ ನಡುವೆ ಒಪ್ಪಂದವಿದ್ದರೆ ಒಂದು ಕಡೆ ಕೊಟ್ಟ ತೆರಿಗೆಯನ್ನು ಇನ್ನೊಂದು ಕಡೆ ಮುಜರಾ ಪಡೆಯಬಹುದು. ಬಲ್ಲ ಲೆಕ್ಕಿಗನೊಬ್ಬನ ಸಲಹೆಗೆ ಕೊಡುವ ಹಣ ಇಂತಹ ಹೊತ್ತಿನಲ್ಲಿ ವ್ಯರ್ಥವಲ್ಲ.

ಕೊನೆಯದಾಗಿ, ಆಟಗಾರನನ್ನು ಬೆಳಸಿದ ಊರಿಗೆ ದಕ್ಕುವುದೇನು? ಇದಕ್ಕೂ ಒಂದು ಏರ್ಪಾಡಿದೆ. ಕರಾರು ಮುಗಿಯುವ ಮೊದಲೇ ಒಂದು ದೇಶದ ಕ್ಲಬ್ಬು ಇನ್ನೊಂದು ದೇಶದ ಆಟಗಾರನನ್ನು ಹಣ ಕೊಟ್ಟು ತೆಗೆದುಕೊಂಡರೆ, ಆ ಹಣದಲ್ಲಿ ನೂರಕ್ಕೆ ೫ ಭಾಗವು, ಅವನು ೧೨ರಿಂದ ೨೩ ವರ್ಷದವರೆಗೆ ಯಾವ ಯಾವ ಕ್ಲಬ್ಬುಗಳಲ್ಲಿ ಆಡಿ ಬೆಳೆದನೋ ಅವುಗಳಿಗೆ ಹಂಚಿಕೆಯಾಗಬೇಕೆಂದು ಫೀಫಾ ಸಂಸ್ಥೆಯ ನಿಯಮವಿದೆ. ಬೆಲೆ ೧ ಕೋಟಿ ರೂಪಾಯಿ ಎಂದಿಟ್ಟುಕೊಂಡರೆ ೫ ಲಕ್ಷವು ಈ ಬಾಬಿಗೆ ಬರುತ್ತದೆ. ೧೫ರವರೆಗಿನ ಒಂದೊಂದು ವರ್ಷಕ್ಕೆ ೨೫,೦೦೦ ರೂಪಾಯಿ, ಅಲ್ಲಿಂದ ಮುಂದೆ ಒಂದೊಂದು ವರ್ಷಕ್ಕೆ ೫೦,೦೦೦ ರೂಪಾಯಿ. ಆದರೆ ಹುಡುಗನ ಹೆಸರು ಆಯಾ ವರ್ಷ ಕ್ಲಬ್ಬಿನ ಮೂಲಕ ಸರಿಯಾಗಿ ದಾಖಲಾಗಿದ್ದರೆ ಮಾತ್ರ ಈ ಪಾಲನ್ನು ಕೇಳಲು ಸಾಧ್ಯ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸಂಜೆಯ ಹೊತ್ತು ಮಕ್ಕಳಿಗೆ ಆಟ ಕಲಿಸುವ ಮಹನೀಯರು ಹಾಜರಿ ಪುಸ್ತಕದೊಡನೆ ಈ ದಾಖಲೆಯನ್ನೂ ಜೋಪಾನವಾಗಿಟ್ಟರೆ, ಎಂದಾದರೂ ಒಂದು ದಿನ ನಮ್ಮ ಹುಡುಗನೊಬ್ಬನು ಸಮುದ್ರ ದಾಟಿದಾಗ ಅವನು ಮೊದಲು ಓಡಿದ ಮೈದಾನಕ್ಕೆ ಒಂದು ಬೇಲಿಯಾದರೂ, ನಾಲ್ಕು ಹೊಸ ಚೆಂಡುಗಳಾದರೂ ಬಂದಾವು.